ಹಿಂದೆ ಖಾಲಿ ಇದೆ

“ಬಾಗಿಲಲ್ಲಿ ನಿಲ್ಬೇಡಿ, ಒಳಗಡೆ ಬನ್ನಿ, ಹಿಂದೆ ಖಾಲಿ ಇದೆ!”

ವೈದ್ಯರ ಕೋಣೆಯ ಬಾಗಿಲಿಗೆ ಮುತ್ತಿದ್ದ ಜನ ಬೆಚ್ಚಿ ನೋಡಿದರು. ಕೂಗಿದ್ದು ಒಳಗೆ ಕುರ್ಚಿಯಲ್ಲಿ ಮುದುಡಿ ಕೂತಿದ್ದ, ಒಂದು ಕಾಲದ ಬಸ್ ಕಂಡಕ್ಟರು. ಮಾನಸಿಕ ಕಾಯಿಲೆಯವರಿಗೆ ಸಿಗುವ ಪಿಂಚಣಿಗೆಂದು ಅವನನ್ನು ಪರೀಕ್ಷೆಗೆ ಕರೆತಂದಿದ್ದ ಹೆಂಡತಿ, “ಕೆಲಸ ಬಿಟ್ಟಾಗಿನಿಂದ ತುಟಿ ಪಿಟಕ್ ಅಂದಿಲ್ಲ ಸಾರ್” ಎಂದು ಹೇಳಿ ಇನ್ನೂ ಬಾಯಿ ಮುಚ್ಚಿರಲಿಲ್ಲ.

ವೈದ್ಯರ ಪೆನ್ನು ನಿಂತಿತು. “ಏನಮ್ಮಾ, ಮಾತೇ ಆಡಲ್ಲ ಅಂದ್ರಲ್ಲ?”

ಪಿಂಚಣಿ ಕೈತಪ್ಪಿದರೆ ಮನೆಯ ಒಲೆ ಹತ್ತುವುದು ಕಷ್ಟವಿತ್ತು. ‘ಅದೇ ಕಾಯಿಲೆ ಸಾರ್, ಹೀಗೇ ಇದ್ದಕ್ಕಿದ್ದ ಹಾಗೆ ಕೂಗ್ತಾರೆ’ ಎಂದು ಒಂದು ಮಾತು ಸೇರಿಸಿದ್ದರೆ ಕೆಲಸ ಆಗುತ್ತಿತ್ತು. ಆ ಮಾತು ಅವಳ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಕಿವಿಯಲ್ಲಿ ಇನ್ನೂ ಆ ದನಿಯೇ ತುಂಬಿತ್ತು. ಮದುವೆಗೆ ಮುಂಚೆ, ಕಿಕ್ಕಿರಿದ ಬಸ್ಸಿನಲ್ಲಿ ಎಲ್ಲರನ್ನೂ ಗದರಿಸುತ್ತ ಬಂದು, ಅವಳ ಹತ್ತಿರ ಬಂದಾಗ ಮಾತ್ರ ಮೆತ್ತಗಾಗುತ್ತಿದ್ದ ದನಿ. ಅವನು ಆಗಲೇ ಮತ್ತೆ ತಲೆ ತಗ್ಗಿಸುತ್ತಿದ್ದ. ತೊಡೆಯ ಮೇಲಿದ್ದ ಬೆರಳುಗಳು ಮಾತ್ರ ಇಲ್ಲದ ಟಿಕೆಟ್ಟೊಂದನ್ನು ಹರಿಯುತ್ತಿದ್ದವು.

ಅವಳು ದಡಕ್ಕನೆ ಎದ್ದಳು. ವೈದ್ಯರು ಕರೆದರೂ ತಿರುಗಲಿಲ್ಲ. ಜನರ ನಡುವೆ ನುಸುಳಿ ಹೊಸ್ತಿಲಾಚೆ ಹೋಗಿ ನಿಂತು, ಬಾಗಿಲ ಚೌಕಟ್ಟನ್ನು ಬಸ್ಸಿನ ಕಂಬಿಯಂತೆ ಗಟ್ಟಿಯಾಗಿ ಹಿಡಿದು ಕೇಳಿದಳು:

“ಕಂಡಕ್ಟ್ರೇ, ಇನ್ನೊಬ್ರಿಗೆ ಜಾಗ ಇದೆಯಾ?”