ಗೌರಾಬಾಯಿ ಮಾತು ಮರೆತಳು

"ನಮ್ಮ ಮನಿ ಬಾಗಿಲಾ ಸಣ್ಣದೈತ್ರಿ ಬೀಗರ… ನೀವು ಒಳಗ ಹೆಂಗ ಬರ್ತೀರಿ?"

ಬೀಗನ ವೇಷದವನು ಎರಡನೇ ಸಲ ಕೇಳಿದ. ಗೌರಾಬಾಯಿ ಸ್ಟೇಜಿನ ನಡುವೆ ನಿಂತೇ ಇದ್ದಳು. ಬಾಯಿ ತೆರೆದಿತ್ತು… ಮಾತು ಬರಲಿಲ್ಲ.

ಪರದೆಯ ಮರೆಯಲ್ಲಿ ಕೂತು ಮಾತು ಎತ್ತಿಕೊಡುವ ಪ್ರಾಂಪ್ಟರ್ ದಾದಾಪೀರ್ ಗಡಬಡಿಸಿ ನಾಟಕದ ಪುಸ್ತಕ ತಿರುವಿದ. ತಿರುವಿ ಏನು ಬಂತು?

ಉಳಿದವರ ಮಾತೆಲ್ಲ ಅದರಲ್ಲಿತ್ತು. ಅವಳ ಜಾಗದಲ್ಲಿ ಮಾತ್ರ 'ಇಲ್ಲಿ ಗೌರಾಬಾಯಿಯ ಹಾಸ್ಯ' ಎಂದಷ್ಟೇ ಇತ್ತು.

ಆ ನಾಟಕ ಕಂಪನಿಯಲ್ಲಿ ಹಾಸ್ಯದವರಿಗೆ ಮಾತು ಬರೆದುಕೊಡುವ ರೂಢಿಯೇ ಇರಲಿಲ್ಲ. ಕ್ಯಾಂಪ್ ಹಾಕಿದ ಊರಿನ ಸಂತೆಯಲ್ಲಿ, ಚಹಾದಂಗಡಿಯಲ್ಲಿ ಕಿವಿ ತೆರೆದು ಕೂತು, ಅಲ್ಲಿಯ ಸುದ್ದಿಯನ್ನೇ ಮಧ್ಯಾಹ್ನದ ಆಟಕ್ಕೆ ಹೆಣೆದು ತರುವವಳು ಅವಳು.

ಜನ ಅವಳ ಮೈ ನೋಡಿ ನಗಲು ಬರುತ್ತಿದ್ದರು… ಅವಳ ಮಾತು ಹೊತ್ತುಕೊಂಡು ಮನೆಗೆ ಹೋಗುತ್ತಿದ್ದರು.

ಈ ಬಾಗಿಲ ಪ್ರಶ್ನೆಗೆ ಅವಳ ಉತ್ತರ ಊರೂರಿಗೆ ಗೊತ್ತು. 'ನನಗ ದೊಡ್ಡ ಬಾಗಿಲಾ ಬೇಕ್ರಿ ಬೀಗರ. ನಿಮ್ಮ ಮನಸಿಗಾದ್ರ ಇಲಿ ಬಿಲಾ ಸಾಕು.'

ದಾದಾಪೀರನಿಗೂ ಅದು ಬಾಯಿಪಾಠ. ಪಿಸುಗುಟ್ಟಿದ. "ಇಲಿ ಬಿಲಾ, ಅಕ್ಕಾ… ಇಲಿ ಬಿಲಾ."

ಅವಳಿಗೆ ಕೇಳಿಸಿತು. ಆದರೆ ಯಾರದೋ ಮನೆಯ ಮಾತು ಗೋಡೆಯಾಚೆಯಿಂದ ಕೇಳಿಸಿದಂತೆ. ಇಲಿ ಯಾಕೆ, ಬಿಲ ಯಾಕೆ… ಹೊಳೆಯಲಿಲ್ಲ.

ಕಣ್ಣು ತುಂಬಿ ಬಂತು. ಕೆನ್ನೆಯ ಬಣ್ಣ ಕರಗಿ ಗದ್ದಕ್ಕಿಳಿಯಿತು.

ಜನ ನಕ್ಕರು.

ಆ ದೊಡ್ಡ ಮೈ, ತೆರೆದ ಬಾಯಿ, ಇಳಿಯುವ ಬಣ್ಣ… ಥಿಯೇಟರಿನ ತಗಡು ಹಾರಿಹೋಗುವ ಹಾಗೆ ನಕ್ಕರು. ಸಿಳ್ಳೆ ಹೊಡೆದರು. ಇದೂ ಹಾಸ್ಯವೇ ಎಂದುಕೊಂಡರು.

ಪಾಪ, ಅವರಿಗೇನು ಗೊತ್ತು…

ಹೋದ ತಿಂಗಳು ಅವಳಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿತ್ತು. ಅರಿವಳಿಕೆ ಕೊಟ್ಟ ಡಾಕ್ಟರಮ್ಮ ಮನೆಗೆ ಕಳಿಸುವಾಗ, ಕಂಪನಿಯ ಮಾಲೀಕ ಬಸಲಿಂಗಪ್ಪನ ಎದುರಿಗೇ ಹೇಳಿದ್ದರು.

"ಇವರ ಮೈ ಭಾರ ಐತಿ, ಶುಗರ್ ಐತಿ, ನಿದ್ದಿಯೊಳಗ ಉಸಿರು ಕಟ್ಟತೈತಿ. ಪೂರ್ತಿ ಎಚ್ಚರ ತಪ್ಪಿಸಿ ಆಪರೇಷನ್ ಮಾಡಿದ ಮ್ಯಾಲೆ ಇಂಥಾ ಕೆಲವರಿಗೆ ತಲಿ ತಿಳಿ ಆಗಾಕ ತಡಾ ಹಿಡೀಬಹುದು. ಎಲ್ಲಾರಿಗೂ ಅಲ್ಲ. ಹೆದರಬ್ಯಾಡ್ರಿ… ಆದ್ರ ಅವಸರಾನೂ ಮಾಡಬ್ಯಾಡ್ರಿ."

ಬಸಲಿಂಗಪ್ಪ ದೇವರ ಮುಂದೆ ನಿಂತವನಂತೆ ತಲೆಯಾಡಿಸಿದ್ದ. ಹೊಲಿಗೆ ಒಣಗಿದ್ದೇ ತಡ, ಬಣ್ಣದ ಡಬ್ಬಿ ತಂದು ಅವಳ ಮುಂದಿಟ್ಟಿದ್ದ.

"ಮಾತು ಇನ್ನೂ ನೆನಪಾಗವಲ್ವು ಅಣ್ಣಾ" ಎಂದರೆ, "ಹೊಟ್ಟಿ ಕೊಯ್ದಾರ ತಂಗಿ, ತಲಿ ಕೊಯ್ದಿಲ್ಲ" ಎಂದಿದ್ದ.

ಜೊತೆಯ ನಟರೂ ಬಿಡಲಿಲ್ಲ. "ಮೈಯಾಗಿನ ಕೊಬ್ಬು ತಲಿಗೆ ಏರೈತಿ" ಎಂದು ಬಣ್ಣದ ಕೋಣೆಯಲ್ಲಿ ಕಿಸಿಕಿಸಿ ನಗುತ್ತಿದ್ದರು.

ಅವಳು ಮಾತ್ರ ದಿನಾ ಬೆಳಿಗ್ಗೆ ದಾದಾಪೀರನ ಜೊತೆ ಕಾಯಿಪಲ್ಲೆ ಮಾರ್ಕೆಟ್ ತನಕ ನಡೆಯುತ್ತಿದ್ದಳು. ಅವನು ಒಂದು ಮಾತು ಎಸೆಯುವುದು, ಅವಳು ಹಿಡಿಯುವುದು. ಹೆಚ್ಚಿನವು ನೆಲಕ್ಕೇ ಬೀಳುತ್ತಿದ್ದವು.

ಆದರೆ ನಿನ್ನೆ…

ಬದನೆಕಾಯಿ ಮಾರುವವಳು, "ಯಕ್ಕಾ, ನೀ ಅಡ್ಡ ನಿಂತರ ನನ್ನ ಅಂಗಡಿನ ಕಾಣಂಗಿಲ್ಲ, ಸರದು ನಿಂದ್ರು" ಎಂದಿದ್ದಳು.

"ಚೊಲೋ ಆತಲ್ಲ… ನಿನ್ನ ಹುಳುಕು ಬದನಿಕಾಯಿ ಯಾರಿಗೂ ಕಾಣಂಗಿಲ್ಲ."

ಆಡಿದ ಮೇಲೆ ಅವಳಿಗೇ ಬೆರಗಾಯಿತು. ದಾದಾಪೀರ್ ನಡುಬೀದಿಯಲ್ಲಿ ನಿಂತು ಕಣ್ಣೊರೆಸಿಕೊಂಡಿದ್ದ. "ಬರಾಕತ್ತೇತಿ ಅಕ್ಕಾ… ಬರಾಕತ್ತೇತಿ."

ಒಂದೇ ಒಂದು ಮಾತು. ಅದನ್ನು ಸೆರಗಿಗೆ ಕಟ್ಟಿಕೊಂಡವಳಂತೆ ಇವತ್ತು ಸ್ಟೇಜ್ ಹತ್ತಿದ್ದಳು.

ಪರದೆ ಬಿತ್ತು. ಬಸಲಿಂಗಪ್ಪ ಬಣ್ಣದ ಕೋಣೆಗೆ ನುಗ್ಗಿ ಬಂದ. ಬೈಗುಳ ಕಾದಿದೆ ಎಂದುಕೊಂಡು ಅವಳು ಮುದುಡಿ ಕೂತಳು.

ಅವನ ಕೈಯಲ್ಲಿ ಹೂವಿನ ಮಾಲೆ.

"ಇಂಥಾ ನಗಿ ನನ್ನ ಜನ್ಮದಾಗ ಕೇಳಿಲ್ಲ ತಂಗಿ. ಇನ್ನ ಮ್ಯಾಲೆ ಮಾತೇ ಬ್ಯಾಡ. ಹಂಗ ಬಾಯಿ ತಕ್ಕೊಂಡು ನಿಂದ್ರು. ಅಳು ಬಂದ್ರ ಅಳು. ಬೋರ್ಡಿನ ಮ್ಯಾಲೆ ನಿನ್ನ ಫೋಟೋನ ಮೊದಲು… ನಾಯಕಿಗಿಂತ ದೊಡ್ಡದು."

ದಾದಾಪೀರ್ ಅಡ್ಡ ಬಂದ. "ಮಾಲೀಕರ, ಅಕ್ಕನ ಮಾತು ತಿರುಗಿ ಬರಾಕತ್ತಾವ. ಒಂದೀಟು ದಿನಾ ಬಿಡ್ರಿ…"

"ಮಾತು ಯಾರಿಗೆ ಬೇಕೋ ದಾದಾ? ಜನಕ್ಕ ಆ ಮೈ ಸಾಕು."

ಗೌರಾಬಾಯಿ ಕನ್ನಡಿ ನೋಡಿಕೊಂಡಳು. ಬಣ್ಣ ಹಚ್ಚಿದ ದಿನದಿಂದ ಈ ಮೈಯನ್ನು ಅವಳು ಮಾತಿನಿಂದಲೇ ಮುಚ್ಚಿಕೊಂಡು ಬಂದಿದ್ದಳು. ಈಗ ಈ ಮನುಷ್ಯ, ಉಟ್ಟ ಸೀರೆ ಬಿಚ್ಚಿಡು ಎಂದಂತೆ, ಮಾತು ಬಿಚ್ಚಿಡು ಎನ್ನುತ್ತಿದ್ದ.

ಹಾಗೆ ನಿಂತರೆ ಹೋದ ಮಾತು ಮತ್ತೆ ಯಾಕಾದರೂ ಬಂದೀತು?

"ಆಗೂದಿಲ್ಲಂದ್ರ ಈಗ ಹೇಳಿಬಿಡು" ಎಂದ ಬಸಲಿಂಗಪ್ಪ. ದನಿ ತಣ್ಣಗಿತ್ತು. "ದಪ್ಪನ ಹೆಣ್ಣಮಕ್ಕಳು ಊರಿಗೆ ಹತ್ತು ಸಿಗತಾರ."

ಮಾಲೆಯನ್ನು ಅವಳ ಮುಂದೆ ಹಿಡಿದ. "ಸಂಜಿ ಆಟಕ್ಕ ಹಂಗ ನಿಂದರ್ತೀಯಲ್ಲ?"

ಅವನ ಮುಖಕ್ಕೆ ರಾಚುವಂಥ ಒಂದು ಉತ್ತರಕ್ಕಾಗಿ ಅವಳು ಒಳಗೆಲ್ಲ ತಡಕಾಡಿದಳು… ಸಿಗಲಿಲ್ಲ. ದಾದಾಪೀರನ ಕಡೆ ನೋಡಿದಳು. ಈ ಉತ್ತರ ಅವನ ಪುಸ್ತಕದಲ್ಲೂ ಇರಲಿಲ್ಲ.

"ಒಲ್ಲೆ" ಎಂದಳು ಗೌರಾಬಾಯಿ.


*ಮೈಯ ಭಾರ ಎಲ್ಲರ ಕಣ್ಣಿಗೂ ಬೀಳುತ್ತದೆ… ಆ ಭಾರದಡಿಯಿಂದ ಮನಸ್ಸು ಎದ್ದು ಬರಲು ಪಡುವ ಪಾಡು ಮಾತ್ರ ಯಾರಿಗೂ ಕಾಣುವುದಿಲ್ಲ.*

ನಿಮ್ಮ ಮನೆಯಲ್ಲಿ ಆಪರೇಷನ್ ಆಗಿ ಬಂದವರು ನಿಮ್ಮೆದುರು ಮಾತು ಮರೆತು ನಿಂತಾಗ… ನೀವು ಕಾದಿರಾ, ನಕ್ಕಿರಾ?