ಮೂವರ ಅಕ್ಕಿ

1939ನೇ ಇಸವಿ ಅಕ್ಟೋಬರ್ 16, ಸೋಮವಾರ, ಬೆಳಗಿನ ಆರು ಗಂಟೆ ಹತ್ತು ನಿಮಿಷಕ್ಕೆ ಪುಂಡಲೀಕನ ಕೈ ಒಂದು ಮಣ್ಣಿನ ಗಡಿಗೆಯೊಳಗೆ ಇಳಿದಿತ್ತು. ಸೌದೆ ರಾಶಿಯ ಹಿಂದೆ ಗೋಣಿ ಹೊದಿಸಿ ಅಡಗಿಸಿಟ್ಟ ಗಡಿಗೆ. ಬೆರಳಿಗೆ ಸಿಕ್ಕಿದ್ದು ಅಕ್ಕಿ.

ಅವನಿಗೆ ಗೊತ್ತಿಲ್ಲದ ಅಕ್ಕಿ ಆ ಮನೆಯಲ್ಲಿ ಇರಲು ಸಾಧ್ಯವೇ ಇರಲಿಲ್ಲ.

ಕಾರವಾರದ ಬಂದರಿನಲ್ಲಿ ಅವನು ತೂಕದ ಗುಮಾಸ್ತ. ಯುದ್ಧ ಶುರುವಾದ ಸುದ್ದಿ ಬಂದ ಮೂರೇ ದಿನಕ್ಕೆ, ಅವನ ಕೇರಿ ಕೋಡಿಬಾಗದ ಉಳಿದವರೆಲ್ಲ ಕಟ್ಟೆಯ ಮೇಲೆ ಕೂತು ಹರಟುತ್ತಿರುವಾಗ, ಅವನು ನಾಲ್ಕೂವರೆ ಮಣ, ಅಂದರೆ ನೂರೆಂಬತ್ತು ಸೇರು ಅಕ್ಕಿ, ಎರಡು ಡಬ್ಬ ಚಿಮಣಿ ಎಣ್ಣೆ, ಉಪ್ಪು, ಬೆಲ್ಲ, ಬೆಂಕಿಪೆಟ್ಟಿಗೆ ಎಲ್ಲವನ್ನೂ ಮನೆಗೆ ತಂದು ಹಾಕಿದ್ದ. ರಂಗೂನಿನ ಅಕ್ಕಿಯ ಹಡಗು ನಿಂತರೆ ಮುಂದೆ ಯಾರೂ ಕೊಡುವವರಿಲ್ಲ. ತಾಯಿ, ಹೆಂಡತಿ, ತಾನು. ಒಬ್ಬರಿಗೆ ದಿನಕ್ಕೆ ಅರ್ಧ ಸೇರು. ನೂರಿಪ್ಪತ್ತು ದಿನಕ್ಕೆ ಸಾಕು. ಕಣಜಕ್ಕೆ ಬೀಗ, ಕೀಲಿ ಅವನ ಉಡಿದಾರದಲ್ಲಿ. ಸೆಪ್ಟೆಂಬರ್ ಆರರಿಂದ ದಿನಾ ಬೆಳಿಗ್ಗೆ ಅವನೇ ಅಳೆದು ಕೊಡುತ್ತಿದ್ದ.

"ಮಗಾ, ಯುದ್ಧ ಏಳು ಸಮುದ್ರದ ಆಚೆ. ಸೆರೆ ಸಿಕ್ಕಿದ್ದು ಮಾತ್ರ ನಮ್ಮ ಕಣಜ," ಎಂದು ತಾಯಿ ಬೊಚ್ಚುಬಾಯಿ ತೆರೆದು ನಕ್ಕಿದ್ದಳು.

ಲೆಕ್ಕ ಕೆಡಿಸುವ ಒಂದೇ ಸಂಗತಿ ಇತ್ತು. ಅಂಕೋಲೆಗೆ ಕೊಟ್ಟ ಮಗಳು ಹೀರಾ ಎಂಟು ತಿಂಗಳ ಬಸುರಿ. ಬಾಣಂತನ ಅಲ್ಲಿಯೇ ಆಗಲಿ ಎಂದು ಕಣಜಕ್ಕೆ ಬೀಗ ಹಾಕಿದ ದಿನವೇ ಅವನು ಬೀಗರಿಗೆ ಕಾಗದ ಬರೆದುಬಿಟ್ಟಿದ್ದ. ಹೆಂಡತಿ ರುಕ್ಮಿಣಿ ಅತ್ತಿದ್ದಳು.

"ಚೊಚ್ಚಲ ಬಾಣಂತನಕ್ಕೆ ತವರಿನವ್ರೇ ಬರಬೇಡ ಹೇಳೂದುಂಟೆ? ಅತ್ತೆ ಮನೇಲಿ ಆ ಹುಡುಗಿ ಮುಖ ಎಲ್ಲಿಟ್ಕೊಳ್ಳಬೇಕು?"

"ಇಲ್ಲಿರೂದು ಮೂವರ ಅಕ್ಕಿ. ನಾಲ್ಕನೆಯವಳ ಅಕ್ಕಿ ತೋರಿಸು, ನಾಳೆಯೇ ಕರೆಸ್ತೆ."

ಆಮೇಲೆ ಅವಳು ಆ ಮಾತೆತ್ತಲಿಲ್ಲ. ಸೋತು ಸುಮ್ಮನಾದಳು ಎಂದು ಅವನು ತಿಳಿದಿದ್ದ. ಈಗ ನೋಡಿದರೆ ಗಡಿಗೆ!

ಅನುಮಾನ ನೇರ ಭಾವಿಕೇರಿಗೆ ಹೋಯಿತು. ಅದು ಅಂಕೋಲೆಯ ಪಕ್ಕದ ಊರು, ಅವಳ ತವರು. ಅಲ್ಲಿ ಅವಳ ತಮ್ಮ ಸೋಮನಿಗೆ ಆರು ಮಕ್ಕಳು. ಸೋಮವಾರ ಸೋಮವಾರ ಆ ಕಡೆಯಿಂದ ತರಕಾರಿ ಬುಟ್ಟಿ ಹೊತ್ತು ಬೊಮ್ಮಿ ಬರುತ್ತಾಳೆ. ಹಿತ್ತಿಲಲ್ಲಿ ಇಬ್ಬರದೂ ಪಿಸಿಪಿಸಿ. ತುಂಬಿ ಬಂದ ಬುಟ್ಟಿ ಖಾಲಿಯಾಗಿಯೇ ಹೋಗುತ್ತದೆ ಎಂದು ಯಾರು ಹೇಳಿದರು?

ಗಡಿಗೆಯನ್ನು ಅಡುಗೆಮನೆಯ ಹೊಸ್ತಿಲಲ್ಲಿ ಕುಕ್ಕಿದ.

"ಇದು ಎಂತದು?"

"ಅಕ್ಕಿ," ಎಂದಳು ರುಕ್ಮಿಣಿ, ತಿರುಗದೆ.

"ಎಲ್ಲಿಂದ ಬಂತು?"

"ನಿಮ್ಮ ಕಣಜದ್ದಲ್ಲ."

"ಹಾಗಾರೆ ಮೋಡ ಸುರಿಸಿತೇನು?"

ಅವಳು ಒಲೆಗೆ ಕೊಳ್ಳಿ ದೂಡಿದಳು. ಕೈ ಎತ್ತಿದಾಗ ಬಳೆಗಳು ಗಲಗಲನೆ ಮೊಣಕೈವರೆಗೂ ಜಾರಿದವು. ಕಳ್ಳಿಯ ಕೈ ನಡುಗುತ್ತಿದೆ ಎಂದುಕೊಂಡ. ಅಂದಿನ ಒಂದೂವರೆ ಸೇರನ್ನು ಅಳೆದು ಅವಳ ಮೊರಕ್ಕೆ ಸುರಿದ. ಕಚೇರಿಗೆ ಹೋಗುವುದಿಲ್ಲ ಎಂದು ಮಾತ್ರ ಹೇಳಲಿಲ್ಲ.

ಒಂಬತ್ತೂವರೆಗೆ ಉಂಡು, ಕೋಟು ತೊಟ್ಟು ಹೊರಟು, ಬೇಲಿಯ ದಣಪೆಯ ಬಳಿ ಕಾದು ನಿಂತ. ಬೊಮ್ಮಿ ಬಂದಳು.

"ಬುಟ್ಟಿ ಇಳಿಸು."

"ಬಸಳೆ ಬೇಕಾ ಒಡೆಯಾ? ಗೆಣಸೂ ಇದ್ದು."

"ಈ ಮನೆಯಿಂದ ಇಷ್ಟು ದಿನ ಎಷ್ಟು ಅಕ್ಕಿ ಹೊತ್ತೆ?"

ಬೊಮ್ಮಿ ಬಾಯಿಮೇಲೆ ಕೈಯಿಟ್ಟು ನಕ್ಕಳು. "ನಾ ಹೊತ್ತದ್ದು ಮಾತು ಒಂದೇ. ಅಕ್ಕಿ ಕೂಡ್ತಾ ಬಂತು, ಮಗಳಿಗೆ ಹೇಳು ಅಂದ್ರು ಅಮ್ಮ. ಹೇಳಿದೆ. ಶುಕ್ರವಾರದ ಬಸ್ಸಿಗೆ ಹೀರಕ್ಕನ್ನ ನಾನೇ ಕರ್ಕಂಡ್ ಬತ್ತೆ. ನಿಮ್ಗೆ ಗೊತ್ತಿಲ್ವಾ?"

ಪುಂಡಲೀಕನಿಗೆ ಮೈಯೆಲ್ಲ ಉರಿದುಹೋಯಿತು. ಹಾಗಾದರೆ ತಮ್ಮನಿಗಲ್ಲ, ಮಗಳಿಗೆ. ಯಾರಿಗಾದರೇನು, ಕದ್ದದ್ದು ಕದ್ದದ್ದೇ. ಕಳ್ಳಕೀಲಿ ಮಾಡಿಸಿದ್ದಾಳೆ. ಜನವರಿಯಲ್ಲಿ ನಾಲ್ಕು ಹೊಟ್ಟೆ ಹಸಿದಾಗ ಯಾರು ಉತ್ತರ ಕೊಡುವವರು? ರುಜುವಾತು ಮುಂದಿಟ್ಟೇ ಮಾತಾಡಬೇಕು.

ಸದ್ದಿಲ್ಲದೆ ಒಳಗೆ ಬಂದ. ತೊಲೆಗೆ ತಕ್ಕಡಿ ಕಟ್ಟಿ ಕಣಜದ ಅಕ್ಕಿಯನ್ನು ಗೋಣಿಗೆ ತುಂಬಿ ತುಂಬಿ ತೂಗಿದ. ನಲವತ್ತು ದಿನದ ಖರ್ಚು ಅರವತ್ತು ಸೇರು, ನಿನ್ನೆಯವರೆಗೆ. ಇಂದಿನದು ಒಂದೂವರೆ. ಉಳಿಯಬೇಕಾದದ್ದು ನೂರಾ ಹದಿನೆಂಟೂವರೆ.

ತೂಗಿದ್ದೂ ನೂರಾ ಹದಿನೆಂಟೂವರೆ.

ಮತ್ತೊಮ್ಮೆ ತೂಗಿದ. ಅಷ್ಟೇ. ಬೆವರು ಕಣ್ಣಿಗಿಳಿಯಿತು. ಬಂದರಿನಲ್ಲಿ ಸಾವಿರ ಮೂಟೆಯ ಮೋಸ ಹಿಡಿದವನಿಗೆ ಮನೆಯ ಒಂದು ಗಡಿಗೆ ಬಗ್ಗಲಿಲ್ಲ. ಕಣಜದಿಂದ ಹೋಗದೆ ಗಡಿಗೆಗೆ ಬಂದದ್ದು ಎಲ್ಲಿಂದ? ತಾಯಿಯ ಬಾಯಿಂದ ಕಸಿದಳೇ?

"ಆಯಿ, ನಿನಗೆ ಹೊಟ್ಟೆತುಂಬ ಅನ್ನ ಸಿಗ್ತದೋ?"

"ಬೇಡ ಅಂದ್ರೂ ಬಡಿಸ್ತದೆ ಪುಣ್ಯಾತ್ಗಿತ್ತಿ. ಈಗಷ್ಟೇ ಉಂಡೆ. ಅದು ಉಣ್ಣೂಕೆ ಕೂತದೆ, ಈಗ ಒಳಗೆ ಹೋಗಬೇಡ."

ಗಂಡಸರ ಊಟವಾಗಿ, ಹಿರಿಯರದ್ದಾಗಿ, ಕೊನೆಗೆ ಬಾಗಿಲು ಮುಂದೆ ಮಾಡಿಕೊಂಡು ಉಣ್ಣುವುದು ಆ ಕೇರಿಯ ಹೆಂಗಸರ ರೂಢಿ. ಇಪ್ಪತ್ತೆರಡು ವರ್ಷದಲ್ಲಿ ಹೆಂಡತಿ ಉಣ್ಣುವುದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಆ ಹೊತ್ತಿಗೆ ಅವನು ಹಗಲಾದರೆ ಕಚೇರಿಯಲ್ಲಿ, ರಾತ್ರಿಯಾದರೆ ನಿದ್ದೆಯಲ್ಲಿ.

ಸಿಟ್ಟಿನಿಂದಲೇ ಬಾಗಿಲು ದೂಡಿದ.

ರುಕ್ಮಿಣಿಯ ಎಲೆಯಲ್ಲಿ ಸುಟ್ಟ ಹಲಸಿನ ಬೇಳೆ ಐದು ಇದ್ದವು. ಬಟ್ಟಲಲ್ಲಿ ಬಸಿದ ಗಂಜಿಯ ತಿಳಿ. ಪಕ್ಕದ ತೆಂಗಿನ ಕರಟದಲ್ಲಿ, ಬೇಯಿಸುವ ಮೊದಲೇ ತೆಗೆದಿಟ್ಟ ಪಾವು ಸೇರು ಹಸಿ ಅಕ್ಕಿ. ಅರ್ಧ ಸೇರಿನ ಅರ್ಧ, ಅವಳ ಪಾಲಿನ ಬೆಳಗಿನ ಊಟ. ಅವಳು ಗಾಬರಿಯಿಂದ ಸೆರಗು ಎಳೆದು ಎಲೆ ಮುಚ್ಚಿದಳು. ಬಳೆಗಳು ಮತ್ತೆ ಮೊಣಕೈಗೆ ಜಾರಿದವು.

ಅವನು ಹೊಸ್ತಿಲಲ್ಲಿದ್ದ ಗಡಿಗೆಯನ್ನು ಎತ್ತಿಕೊಂಡು ಹೋಗಿ, ಅದರ ಅಕ್ಕಿಯನ್ನು ತಕ್ಕಡಿಗೆ ಸುರಿದ. ನಲವತ್ತು ದಿನ, ದಿನಕ್ಕೆ ಪಾವು ಸೇರು.

ಹತ್ತು ಸೇರು.