ಸೊಟ್ಟ ಹಲಗೆ

“ಪಾತ್ರೆ ತೊಳೆಯೋ ಕಡೆ ಕಿಟಕಿ ಇಡು ಅಂದ್ರೆ ಇಡಬೇಕು! ಕಿವಿಗೆ ಸಿಮೆಂಟ್ ಮೆತ್ಕೊಂಡಿದ್ದೀಯಾ?”

ಗಾರ್ಡ್ ಫೋನಿನಲ್ಲಿ ಗುಡುಗಿದ ರಭಸಕ್ಕೆ ಬಸ್ಸಿನಲ್ಲಿ ತೂಕಡಿಸುತ್ತಿದ್ದವರೆಲ್ಲ ಎದ್ದು ಕೂತರು. ಎಲ್ಲರೂ ನಿವೃತ್ತರು, ಊರೂರು ನೋಡಲು ಒಟ್ಟಿಗೆ ಹೊರಟವರು. ಮುಂದಿನ ಸೀಟಿನಿಂದ ಸಿಸ್ಟರಮ್ಮ ತಿರುಗಿದರು. ಆಸ್ಪತ್ರೆಯ ವಾರ್ಡುಗಳನ್ನು ಆಳಿ ನಿವೃತ್ತರಾದ ನರ್ಸ್. ದನಿ ಮಾತ್ರ ಇನ್ನೂ ನಿವೃತ್ತವಾಗಿರಲಿಲ್ಲ.

“ರೀ ಗಾರ್ಡ್ ಸಾಹೇಬ್ರೇ, ಪ್ರವಾಸಕ್ಕೆ ಬಂದಿದ್ದೀರೋ, ಮನೆ ಕಟ್ಟಿಸೋಕೆ ಬಂದಿದ್ದೀರೋ?”

“ಅಡುಗೆಮನೆ ಗೋಡೆ ಒಳಗೆ ಪೈಪ್ ಒಡೆದಿದೆಯಂತೆ. ಹೇಗೂ ಗೋಡೆ ಒಡೀತಾನೆ, ಅಲ್ಲೇ ಒಂದು ಕಿಟಕಿ ಇಡು ಅಂದ್ರೆ ಕೊಸರಾಡ್ತಾನೆ.”

“ವಾಪಸ್ ಹೋದ್ಮೇಲೆ ಮಾಡಿಸಿಕೊಳ್ಳಿ. ಏನು ಗಂಟು ಹೋಗುತ್ತೆ?”

ಗಾರ್ಡ್ ಫೋನನ್ನು ಎದೆಗೆ ಒತ್ತಿಕೊಂಡರು. “ನನ್ನ ಹೆಂಡತಿ ಬಾಯಿಬಿಟ್ಟು ಕೇಳಿದ್ದು ಅದೊಂದೇ ಸಿಸ್ಟರ್. ಪಾತ್ರೆ ತೊಳೀತಾ ಹೊರಗೆ ನೋಡಬೇಕು ಅಂತ. ಹೋದ ವರ್ಷ ಹೋಗಿಬಿಟ್ಲು. ಗೋಡೆ ನೋಡ್ಕೊಂಡೇ.”

ಸಿಸ್ಟರಮ್ಮ ಸೀಟಿನ ಬೆನ್ನಿಗೆ ಕೈಯೂರಿ ಎದ್ದು ನಿಂತರು.

“ಹಾಗಿದ್ರೆ ಎದೆ ಮಟ್ಟಕ್ಕೆ ಇಡು ಅನ್ನಿ. ಗಂಡಸರ ಕೈಗೆ ಬಿಟ್ರೆ ಆಕಾಶಕ್ಕೆ ಇಡಿಸ್ತೀರಿ. ನಿಂತವಳಿಗೆ ಬೀದಿ ಕಾಣಬೇಕು, ಹದ್ದಲ್ಲ!”

ಗಾರ್ಡ್ ಹಾಗೇ ಹೇಳಿದರು. ಅಲ್ಲಿಂದ ಬಸ್ಸಿಗೆ ಬಸ್ಸೇ ಆ ಮನೆಯ ಹುಚ್ಚು ಹತ್ತಿಸಿಕೊಂಡಿತು. ಕೆರೆ ನೋಡಲು ಇಳಿದರೆ ಬಣ್ಣದ ಮಾತು, ಕೋಟೆ ಹತ್ತಿದರೆ ಚಿಲಕದ ಮಾತು. ನಿವೃತ್ತ ಕ್ಯಾಷಿಯರ್ ಗೋಡೆಗೆ ಹಸಿರು ಅಂದರು, ಅವರ ಹೆಂಡತಿ ಹಳದಿ ಅಂದರು. ಇಬ್ಬರೂ ಹಗಲಿಡೀ ಬೇರೆ ಬೇರೆ ಸೀಟಿನಲ್ಲಿ ಕೂತರು. ಕೈ ಎತ್ತಿಸಿದಾಗ ಹಳದಿ ಗೆದ್ದಿತು. ಮ್ಯೂಸಿಯಮ್ಮಿನಲ್ಲಿ ಗೈಡ್ ರಾಜನ ಕತ್ತಿ ತೋರಿಸುತ್ತಿದ್ದರೆ ಇವರೆಲ್ಲ ಅವನ ಬೆನ್ನ ಹಿಂದಿನ ಕಿಟಕಿಯನ್ನು ಗೇಣು ಹಾಕಿ ಅಳೆಯುತ್ತಿದ್ದರು.

ಗಾರ್ಡ್ ರೈಲಿನಲ್ಲಿ ಗಾರ್ಡ್ ಆಗಿದ್ದವರು. ವಿಷಲ್ ಇನ್ನೂ ಕೊರಳಲ್ಲೇ ಇತ್ತು. ಬಸ್ಸು ಎಲ್ಲಿ ನಿಂತರೂ ಅದನ್ನು ಊದಿ ಎಲ್ಲರನ್ನೂ ಹತ್ತಿಸುವವರು ಅವರೇ. ಹೊರಟ ದಿನ ಬೀಳ್ಕೊಡಲು ಬಂದ ಗುಂಪು ಅವರನ್ನು ಮುತ್ತಿ ನೀರಿನ ಬಾಟಲಿ ಕೇಳಿತ್ತು, ಫೋನ್ ನಂಬರ್ ಕೇಳಿತ್ತು. ಬೇಡ ಅನ್ನಲು ಬಾರದ ಮನುಷ್ಯ, ಎಲ್ಲರಿಗೂ ಎರಡನ್ನೂ ಕೊಟ್ಟಿದ್ದರು. ನಿಜವಾದ ಮ್ಯಾನೇಜರ್ ಕೊನೆಯ ಸೀಟಿನಲ್ಲಿ ವಾಂತಿ ಚೀಲ ಹಿಡಿದು ಮಲಗಿದ್ದ.

“ನಿಮ್ಮ ಮೇಸ್ತ್ರಿ ಫೋನಾದ್ರೂ ಮಾಡ್ತಾನೆ,” ಎಂದು ಸಿಸ್ಟರಮ್ಮ ಗೊಣಗಿದರು. “ನಮ್ಮ ಮನೇಲೂ ರಿಪೇರಿ ನಡೀತಿದೆ. ನಮ್ಮೋನಿಗೆ ಬಾಯೇ ಇಲ್ಲ.”

ಹೊರಡುವ ಬೆಳಿಗ್ಗೆ ಅವರ ಮನೆಯ ನಲ್ಲಿ ಕಿತ್ತು ಬಂದು, ಫೋನು ಬಕೆಟ್ಟಿನಲ್ಲಿ ಮುಳುಗಿ ಸತ್ತಿತ್ತು. ಬೀಗದ ಕೈಯನ್ನು ಮೇಸ್ತ್ರಿಯತ್ತ ಎಸೆದು, ಬಯ್ಯುತ್ತಲೇ ಬಸ್ಸು ಹತ್ತಿದ್ದರು. ‘ನನಗೇನಾದ್ರೂ ಫೋನ್ ಬಂತೇನಪ್ಪಾ?’ ಎಂದು ಮ್ಯಾನೇಜರನ್ನು ದಿನಾ ಕೇಳುತ್ತಿದ್ದರು. ಅವನು ದಿನಾ ಚೀಲದ ಮೇಲೇ ತಲೆಯಾಡಿಸುತ್ತಿದ್ದ.

“ನಮ್ಮವರು ಇದ್ದಿದ್ರೆ ತಾವೇ ಸುತ್ತಿಗೆ ಹಿಡೀತಿದ್ರು. ಅವರು ಹೊಡೆದ ಮೊಳೆ ಒಂದಾದ್ರೂ ನೆಟ್ಟಗಿರ್ತಿತ್ತಾ? ದಿನಾ ಬೈತಿದ್ದೆ.” ಸಿಸ್ಟರಮ್ಮ ನಕ್ಕರು, ಆಮೇಲೆ ಮೂಗು ಒರೆಸಿಕೊಂಡರು. “ಈಗ ಬೈಯೋಕೂ ಮನೇಲಿ ಯಾರಿಲ್ಲ.”

ವಾಪಸ್ ಬರುವಾಗ ಕೊನೆಯ ಫೋನು ಬಂತು. ಗಾರ್ಡ್ ಕೇಳಿಸಿಕೊಂಡು ಬಸ್ಸಿಗೆಲ್ಲ ಹೇಳಿದರು: “ಗೋಡೇಲಿ ಒಂದು ಸೊಟ್ಟ ಹಲಗೆ ಇದೆಯಂತೆ. ಕಿತ್ತು ಹೊಸದು ಹಾಕ್ಲಾ ಅಂತಾನೆ.”

“ಕೀಳಿಸ್ರೀ! ಹಳದಿ ಗೋಡೆಗೆ ಸೊಟ್ಟ ಹಲಗೇನಾ? ಒಲೆಗೆ ಹಾಕು ಅನ್ನಿ!” ಎಂದರು ಸಿಸ್ಟರಮ್ಮ.

“ಕೀಳಿ! ಕೀಳಿ!” ಎಂದಿತು ಬಸ್ಸು.

“ಮುಟ್ಟಬೇಡ ಕಣೋ,” ಎಂದರು ಗಾರ್ಡ್ ಫೋನಿಗೆ. “ಸೊಟ್ಟ ಅಂತ ಗೊತ್ತಿದ್ದೂ ಇಷ್ಟು ವರ್ಷ ಇಟ್ಕೊಂಡಿದ್ದಾರೆ. ಸುಮ್ಮನೆ ಇಟ್ಕೊಂಡಿರಲ್ಲ.”

ಸಿಸ್ಟರಮ್ಮನಿಗೆ ಉರಿದುಹೋಯಿತು. “ಇಷ್ಟು ದಿನ ಹೇಳಿದ್ದೆಲ್ಲ ನೀರಲ್ಲಿ ಹೋಮ! ನಿಮ್ಮ ಮನೆಗೆ ಬಂದು ನಾನೇ ಕೀಳ್ತೀನಿ. ವಿಳಾಸ ಹೇಳ್ರೀ!”

ಗಾರ್ಡ್ ಕಿಟಕಿಯಾಚೆ ನೋಡುತ್ತ ಕೂತರು. ಕಿವಿ ಕೆಂಪಾಗಿತ್ತು.

ಬಸ್ಸು ಮೊದಲು ಸಿಸ್ಟರಮ್ಮನ ಬೀದಿಗೆ ಬಂತು. ಗೇಟಿನಲ್ಲಿ ಅವರ ಮೇಸ್ತ್ರಿ ನಿಂತಿದ್ದ. ಅವನ ತಲೆಗೂದಲಿಗೆಲ್ಲ ಹಳದಿ ಬಣ್ಣ. ಸಿಸ್ಟರಮ್ಮ ಇಳಿದು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವನು ಅವರನ್ನು ದಾಟಿ ಗಾರ್ಡ್ ಕೂತಿದ್ದ ಕಿಟಕಿಗೇ ಬಂದ.

“ಇಳೀರಿ ಸಾರ್, ನೋಡ್ಬನ್ನಿ! ನೀವು ಹೇಳ್ದಂಗೇ ಮಾಡಿದ್ದೀನಿ. ಆ ಹಲಗೆ ಮುಟ್ಟಿಲ್ಲ.”

ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು.

“ಅವರನ್ಯಾಕೋ ಕೇಳ್ದೆ?” ಸಿಸ್ಟರಮ್ಮನ ದನಿ ಮೊದಲ ಸಲ ಸಣ್ಣಗಾಯಿತು.

“ಬಸ್ಸಿನ ಮ್ಯಾನೇಜರ್ ನಂಬರ್ ತಗೊಂಡು ಅವರಿಗೇ ಫೋನ್ ಮಾಡು ಅಂದ್ರಲ್ಲಮ್ಮಾ ನೀವು? ವಿಷಲ್ ಹಾಕ್ಕೊಂಡಿದ್ರು, ಇವರೇ ಅಂದ್ಕೊಂಡೆ.”

ಗಾರ್ಡ್ ತಲೆ ತಗ್ಗಿಸಿಕೊಂಡು ಇಳಿದರು. “ಯಾರ ಮನೆ ಅಂತ ದೇವರಾಣೆ ಗೊತ್ತಿರ್ಲಿಲ್ಲ ಸಿಸ್ಟರ್. ನನಗೆ ಮನೆಯೇ ಇಲ್ಲ. ನೌಕರಿಯಿಡೀ ಕ್ವಾರ್ಟರ್ಸು, ಈಗ ಬಾಡಿಗೆ ರೂಮು. ರಾಂಗ್ ನಂಬರ್ ಅನ್ನೋಣ ಅಂತಿದ್ದೆ. ‘ಅಡುಗೆಮನೆ ಗೋಡೆ ಒಡೀತಿದ್ದೀನಿ’ ಅಂದ. ಬಾಯಿಂದ ಕಿಟಕಿ ಬಂದುಬಿಡ್ತು.”

ಸಿಸ್ಟರಮ್ಮ ಕೇಳಿಸಿಕೊಳ್ಳಲು ನಿಂತಿರಲಿಲ್ಲ. “ಅಯ್ಯೋ, ನಮ್ಮವರ ಹಲಗೆ!” ಎಂದವರೇ ಒಳಗೆ ಓಡಿದ್ದರು. ಆಮೇಲೆ ಅಡುಗೆಮನೆಯಿಂದ ವಾರ್ಡು ನಡುಗಿಸುವ ದನಿ ಬಂತು.

“ರೀ ಗಾರ್ಡ್ ಸಾಹೇಬ್ರೇ! ಬನ್ರೀ ಇಲ್ಲಿ! ಕಿಟಕಿ ಒಂದು ಗೇಣು ಮೇಲಾಯ್ತು! ಈಗ ಯಾರನ್ನ ಬೈಯಲಿ?”

ಗಾರ್ಡ್ ಅಂಗಿ ಸರಿಮಾಡಿಕೊಂಡು ಒಳಗೆ ಹೋದರು. ಬಸ್ಸು ಕಾಯಿತು. ಕ್ಯಾಷಿಯರ್ ಕಾದು ಕಾದು ಗಾರ್ಡ್ ಸಾಹೇಬರ ಪೆಟ್ಟಿಗೆಯನ್ನು ಗೇಟಿನ ಪಕ್ಕ ಇಳಿಸಿಟ್ಟರು. ಡ್ರೈವರ್ ಹಾರನ್ ಒತ್ತಿದ.

ಹೊಸ ಕಿಟಕಿಯೊಳಗಿಂದ ವಿಷಲ್ ಕೇಳಿಸಿತು. ರೈಲು ಹೊರಡಬಹುದು ಎನ್ನುವ, ಉದ್ದನೆಯ ವಿಷಲ್.